ಕರಟದ ಬಿಲ್ಲೆ

ಅಟ್ಟದ ಮೇಡಂ ಕೊನೆಗಾಲದಲ್ಲಿ ಮೌನವ್ರತ ಹಿಡಿದರು, ಮಾತು ಸಾಕೆನಿಸಿ ಮಾತಿನಿಂದ ಆಚೆ ಹೋದರು, ಆಮೇಲೆ ಹಣ್ಣೆಲೆ ಕಳಚಿಕೊಂಡ ಹಾಗೆ ಹೋಗಿಬಿಟ್ಟರು. ಇದು ಎಲ್ಲರೂ ಹೇಳುವ ಕಥೆ. ತುರುವೇಕೆರೆಯ ಬಸ್ ಸ್ಟ್ಯಾಂಡಿನಲ್ಲೂ ಕೇಳಿಸುತ್ತದೆ, ಬೆಂಗಳೂರಿನಿಂದ ಕಾರು ಮಾಡಿಕೊಂಡು ಬರುವವರ ಬಾಯಲ್ಲೂ ಕೇಳಿಸುತ್ತದೆ. ಕಥೆ ಚೆನ್ನಾಗಿದೆ. ಅಷ್ಟು ಚೆನ್ನಾಗಿರುವುದೇ ನನ್ನ ಮೊದಲ ಆಕ್ಷೇಪ.

ಆದರೆ ಎದುರಾಳಿಯ ವಾದವನ್ನು ಮುರಿಯುವ ಮೊದಲು ಅದನ್ನು ಅವರಿಗಿಂತ ಚೆನ್ನಾಗಿ ನಾವೇ ಹೇಳಬೇಕು ಎಂದು ನನಗೆ ಕಲಿಸಿದವರೂ ಮೇಡಂ ಅವರೇ. ಆದ್ದರಿಂದ ಹೇಳುತ್ತೇನೆ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತ, ಬಿಡುವಿನಲ್ಲಿ ನಾಟಕ ಆಡಿಸುತ್ತ ಗಂಟಲು ಹರಿದುಕೊಂಡ ಹೆಂಗಸು. ನಿವೃತ್ತಿಯಾದ ಮೇಲೆ ದಂಡಿನಶಿವರದ ಕಡೆ ಇದ್ದ ತಮ್ಮ ಪಾಲಿನ ತೆಂಗಿನ ತೋಟವನ್ನು ಹಾಡುವವರಿಗೆ, ಆಡುವವರಿಗೆ, ಚಿತ್ರ ಬರೆಯುವವರಿಗೆ, ಏನೂ ಮಾಡದೆ ಸುಮ್ಮನೆ ದಣಿದು ಬಂದವರಿಗೆ ತೆರೆದಿಟ್ಟವರು. ಬಂದವರೆಲ್ಲರ ಜೊತೆ ಮಾತಾಡಿ ಮಾತಾಡಿ ಒಂದು ದಿನ ಮಾತಿನ ತಳ ಮುಟ್ಟಿದರು. ತಳ ಮುಟ್ಟಿದ ಮೇಲೆ ನಿಲ್ಲಿಸಿದರು. ನೀವು ಹೇಳುವುದು ಇದನ್ನೇ ಅಲ್ಲವೆ? ಸರಿ. ಈಗ ನನ್ನ ಸರದಿ.

ಅವರನ್ನು ನಾನು ಮೊದಲು ನೋಡಿದ್ದು ತಿಪಟೂರಿನ ಒಂದು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ. ಅವರು ತೀರ್ಪುಗಾರರು. ಎದುರಿಗಿದ್ದ ಹುಡುಗನನ್ನು ನಾನು ಚಿಂದಿ ಮಾಡಿದ್ದೆ, ಸಭೆ ಚಪ್ಪಾಳೆ ಹೊಡೆದಿತ್ತು. ನನಗೆ ಬಂದದ್ದು ಎರಡನೇ ಬಹುಮಾನ. ವೇದಿಕೆಯಿಂದ ಇಳಿದವಳೇ ನೇರ ಹೋಗಿ ಯಾಕೆ ಎಂದು ಕೇಳಿದೆ. ಅವರು ಕನ್ನಡಕವನ್ನು ತಲೆಯ ಮೇಲೆ ಸರಿಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀನೇ ಗೆದ್ದೆ ಕಣೇ. ಆದ್ರೆ ಆ ಹುಡ್ಗ ಹೇಳಿದ್ದು ಒಂದೂ ನಿನ್ನ ಕಿವಿಗೆ ಬೀಳ್ಲಿಲ್ಲ. ಕಿವುಡ್ರು ಗೆದ್ರೆ ಅದಕ್ಕೆ ಎರಡನೇ ಬಹುಮಾನ."

"ಹಾಗಂತ ನಿಯಮ ಎಲ್ಲಿದೆ ಮೇಡಂ?"

"ಈಗ ಮಾಡ್ದೆ. ಒಪ್ಪಿಗೆ ಇಲ್ವಾ? ಭಾನುವಾರ ನಮ್ಮ ತೋಟಕ್ಕೆ ಬಾ, ಜಗಳ ಮುಂದುವರೆಸಾನ" ಎಂದು ಹೇಳಿ, ತಲೆಯ ಮೇಲಿದ್ದ ಕನ್ನಡಕವನ್ನು ಮೇಜಿನ ಮೇಲೆ ಹುಡುಕತೊಡಗಿದರು.

ಹೀಗೆ ಜಗಳ ಮುಂದುವರಿಸಲೆಂದು ನಾನು ಅಟ್ಟಕ್ಕೆ ಹೋದವಳು. ಶಾಂತಿ ಹುಡುಕಿಕೊಂಡು ಅಲ್ಲಿಗೆ ಹೋದವರು ಬೇಕಾದಷ್ಟು ಜನ ಇದ್ದಾರೆ, ನಾನು ಆ ಪೈಕಿ ಅಲ್ಲ.

ಅಟ್ಟ ಎಂದರೆ ಹಳೆಯ ಕೊಬ್ಬರಿ ಮನೆ. ನಮ್ಮ ಕಡೆ ಸುಲಿಯದ ಕಾಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಕೊಬ್ಬರಿ ಗಿಟುಕಾಗುವ ತನಕ ಹೆಚ್ಚೂ ಕಡಿಮೆ ಒಂದು ವರ್ಷ ಯಾರೂ ಮುಟ್ಟುವುದಿಲ್ಲ. ಮೇಡಂ ಮೇಲಿನ ಅಟ್ಟವನ್ನು ಹಾಗೇ ಉಳಿಸಿಕೊಂಡು, ಕೆಳಗಿನ ನೆಲ ಸಾರಿಸಿ, ಚಾಪೆ ಹಾಸಿ, ಅದನ್ನೇ ರಂಗಮಂದಿರ ಅಂದರು. ಮೇಲೆ ಕೊಬ್ಬರಿ ಒಣಗುತ್ತಿತ್ತು, ಕೆಳಗೆ ತತ್ವಪದ, ನಾಟಕದ ತಾಲೀಮು, ಗರಿ ಹೆಣೆಯುವುದು, ಕರಟದ ಇದ್ದಿಲಿನಲ್ಲಿ ಚಿತ್ರ ಬರೆಯುವುದು ನಡೆಯುತ್ತಿತ್ತು. ಬೆಂಗಳೂರಿನ ಒಬ್ಬ ಹಾಡುಗಾರರು ಕಣ್ಣು ಮುಚ್ಚಿ ಆಲಾಪ ಹಿಡಿದಿದ್ದಾಗ ಮೇಲೆ ಇಲಿ ಓಡಿ ನಾಲ್ಕಾರು ಕಾಯಿ ಗಡಗಡ ಉರುಳಿದವು. ಅವರು ತಂಬೂರಿ ಬಿಟ್ಟು ಎದ್ದು ನಿಂತರು.

"ಹೆದರ್ಬ್ಯಾಡಿ, ಕೂತ್ಕೊಳ್ಳಿ. ಮೇಲ್ಗಡೆ ಇರೋರು ಚಪ್ಪಾಳೆ ಹೊಡಿತಾವ್ರೆ" ಅಂದರು ಮೇಡಂ.

ಅದೇ ಹಾಡುಗಾರರು ಊಟಕ್ಕೆ ಕೂತಾಗ, "ಇಲ್ಲಿ ಎಷ್ಟು ಪ್ರಶಾಂತವಾಗಿದೆ ಅಲ್ವಾ" ಎಂದರು. ಮೇಡಂ ಮುದ್ದೆ ಮುರಿಯುತ್ತಿದ್ದ ಕೈಯನ್ನು ನಿಲ್ಲಿಸಿ ಕಿವಿಗೊಟ್ಟರು. "ಪಂಪ್‌ಸೆಟ್ಟು ಓಡ್ತೈತೆ, ಮಂಗ ಎಳನೀರು ಕೆಡವ್ತಾವೆ, ನಮ್ಮ ಗಿರಿಜ ಕೋಳಿಗೆ ಬಯ್ತಾವ್ಳೆ. ಯಾವ್ದನ್ನ ನೀವು ಪ್ರಶಾಂತ ಅಂತಿರೋದು?" ಅವರಿಗೆ ಆ ಪದವೇ ಆಗುತ್ತಿರಲಿಲ್ಲ. ಶಾಂತಿ ಬೇಕು ಎಂದು ಬಂದವರನ್ನು ಸಂಜೆ ನಾಲ್ಕು ಗಂಟೆಯ ಜಗಳಕ್ಕೆ ಎಳೆದು ಕೂರಿಸುತ್ತಿದ್ದರು.

ನಾಲ್ಕು ಗಂಟೆಯ ಜಗಳ ಅಟ್ಟದ ದಿನಚರಿ. ಕಾಫಿಗೆ ಮುಂಚೆ ಒಂದು ವಿಷಯ ಎತ್ತಬೇಕು, ಎರಡು ಪಕ್ಷವಾಗಬೇಕು. ನಿಮ್ಮ ಮಾತು ಹೇಳುವ ಮೊದಲು ಎದುರಿನವರ ಮಾತನ್ನು ನಿಮ್ಮ ಬಾಯಲ್ಲಿ ಹೇಳಬೇಕು, ಅವರು "ಹೌದು, ನಾನು ಹೇಳಿದ್ದು ಇದನ್ನೇ" ಎಂದು ಒಪ್ಪುವ ತನಕ ಮುಂದೆ ಹೋಗುವ ಹಾಗಿಲ್ಲ. ಎಷ್ಟೋ ಜಗಳ ಅಲ್ಲೇ ಮುಗಿದುಹೋಗುತ್ತಿತ್ತು. ಮುಗಿದರೆ ಮೇಡಂಗೆ ಬೇಜಾರು. ತೆಂಗಿನ ಗರಿಯಿಂದ ಕಡ್ಡಿ ಸೀಳುತ್ತ, "ಇಷ್ಟು ಬೇಗ ಒಪ್ಕೊಂಬುಟ್ರಾ? ಇನ್ನೊಂಚೂರು ಗುದ್ದಾಡ್ಬೋದಿತ್ತು ಕಣ್ರಪ್ಪ" ಎನ್ನುತ್ತಿದ್ದರು. ಅವರು ವಾದಕ್ಕೆ ಕೂತರೆ ಪಕ್ಕದಲ್ಲಿ ಸೀಳಿದ ಕಡ್ಡಿಯ ಗುಡ್ಡೆ ಬೆಳೆಯುತ್ತಿತ್ತು. ಅವರ ತಂಗಿ ಗಿರಿಜಕ್ಕ ಅದನ್ನೇ ಕಟ್ಟಿ ಪೊರಕೆ ಮಾಡುತ್ತಿದ್ದರು.

ಗಿರಿಜಕ್ಕನ ಬಗ್ಗೆ ಹೇಳಲೇಬೇಕು. ಅಡಿಗೆ, ತೋಟ, ಬಂದವರ ಹಾಸಿಗೆ ಹೊದಿಕೆ, ಹೋಗುವವರ ಬಸ್ಸಿನ ಹೊತ್ತು ಎಲ್ಲ ಅವರದೇ. ಅಕ್ಕ ಮಾತಾಡಲಿ ಎಂದೇ ತಾನು ದುಡಿಯುವುದು ಎನ್ನುವ ಹಾಗೆ ಬದುಕಿದವರು. ನನ್ನನ್ನು ಕಂಡರೆ "ಬಂದ್ಲು ನೋಡು ಲಾಯರಮ್ಮ, ಇವತ್ತು ಕಾಫಿ ತಡ" ಎನ್ನುತ್ತಿದ್ದರು. ಅಕ್ಕ ತಂಗಿ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ಇದನ್ನು ಸುಮ್ಮನೆ ಹೇಳುತ್ತಿಲ್ಲ.

ಇನ್ನು ಆ ಬಿಲ್ಲೆಯ ಮಾತು. ನಾಟಕದವರಿಗೆ ಗಂಟಲು ಕಟ್ಟುವುದು ರೈತರಿಗೆ ಹಿಮ್ಮಡಿ ಒಡೆದಷ್ಟೇ ಸಾಮಾನ್ಯ. ಒಂದು ಸಲ ನಾಟಕಕ್ಕೆ ಮುಂಚೆ ಮುಖ್ಯ ಪಾತ್ರದ ಹುಡುಗಿಗೆ ದನಿ ಬಿತ್ತು. ಕಂಡವರೆಲ್ಲ "ಏನಾಯ್ತು ಗಂಟ್ಲಿಗೆ" ಎಂದು ಕೇಳುವುದು, ಅವಳು ಎಲ್ಲರಿಗೂ ವಿವರಿಸುವುದು. ವಿವರಿಸಿ ವಿವರಿಸಿಯೇ ಇದ್ದಷ್ಟು ದನಿಯೂ ಹೋಯಿತು. ಅದಾದ ಮೇಲೆ ಮೇಡಂ ಕರಟವನ್ನು ದುಂಡಗೆ ಕೊಯ್ದು, ಉಜ್ಜಿ, ತೂತು ಮಾಡಿ, ದಾರ ಪೋಣಿಸಿ ಒಂದು ಬಿಲ್ಲೆ ಮಾಡಿದರು. ಗಂಟಲು ಕೆಟ್ಟವರು ಅದನ್ನು ಕೊರಳಿಗೆ ಹಾಕಿಕೊಳ್ಳಬೇಕು. ಬಿಲ್ಲೆ ಇದ್ದವರನ್ನು ಯಾರೂ ಮಾತಾಡಿಸಬಾರದು. ಯಾಕೆ, ಏನು ಅಂತ ಕೇಳಬಾರದು. ದನಿ ಬಂದ ಮೇಲೆ ಅವರೇ ಬಿಚ್ಚುತ್ತಾರೆ.

ನಾನು ಬಿಡುತ್ತೇನೆಯೇ? ಆವತ್ತಿನ ನಾಲ್ಕು ಗಂಟೆಗೆ ಅದನ್ನೇ ಎತ್ತಿದೆ. "ಮಾತಾಡಿಸಬೇಡಿ ಅನ್ನಿ, ಒಪ್ತೀನಿ. ಯಾಕೆ ಅಂತ ಕೇಳಲೇಬೇಡಿ ಅನ್ನೋ ನಿಯಮ ನಿಮ್ಮ ಬಾಯಲ್ಲಿ ಬರೋದಾ ಮೇಡಂ? ಇದು ಮಠದವರ ನಿಯಮ."

ಅವರು ನನ್ನ ವಾದವನ್ನು ಚಾಚೂ ತಪ್ಪದೆ ತಿರುಗಿ ಹೇಳಿದರು. ನಾನು ಹೌದು ಅಂದೆ. ಆಮೇಲೆ ಕಡ್ಡಿ ಸೀಳುತ್ತ, "ನಾಲ್ಕು ದಿನ ಕಾದ್ರೆ ನಿನ್ನ ಪ್ರಶ್ನೆ ಏನು ಕೊಳೆತೋಯ್ತದಾ? ಗಂಟ್ಲು ಮೊದ್ಲು, ನಿನ್ನ ಕುತೂಹಲ ಆಮೇಲೆ ಕಣೇ" ಅಂದರು. ಎಲ್ಲರೂ ನಕ್ಕರು. ಆವತ್ತಿನ ಜಗಳ ಅವರೇ ಗೆದ್ದರು.

ಆಮೇಲೆ ನಾನು ಕಾನೂನು ಓದಿ ತಿಪಟೂರಿನಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಸೇರಿಕೊಂಡೆ. ಅಟ್ಟಕ್ಕೆ ಹೋಗುವುದು ಆಗೊಮ್ಮೆ ಈಗೊಮ್ಮೆ ಆಯಿತು. ಒಂದು ಯುಗಾದಿಗೆ ಹೋದಾಗ ಮೇಡಂ ದನಿ ಕರಕರ ಅನ್ನುತ್ತಿತ್ತು. ಕೇಳಿದರೆ, "ನಿನ್ನ ಜೊತೆ ಕಿರುಚಿ ಕಿರುಚಿ ಸವ್ದೋಗೈತೆ ಬುಡು" ಅಂದರು. ಮೆಣಸಿನ ಕಷಾಯ ಕುಡಿಯುತ್ತಿದ್ದರು. ಅವರ ದನಿ ಪ್ರತಿ ವರ್ಷ ಒಂದಲ್ಲ ಒಂದು ನಾಟಕಕ್ಕೆ ಹಾಗೆ ಹೋಗಿ ಬರುತ್ತಿದ್ದದ್ದೇ.

ಮಳೆಗಾಲ ಮುಗಿಯುವ ಹೊತ್ತಿಗೆ ಕೋರ್ಟಿನ ಕಟ್ಟೆಯ ಮೇಲೆ ಯಾರೋ ಹೇಳಿದರು, ನಿಮ್ಮ ಮೇಡಂ ಮೌನ ಹಿಡಿದಿದ್ದಾರಂತೆ, ತಿಂಗಳುಗಳೇ ಆಯಿತಂತೆ ಅಂತ. ನಾನು ನಕ್ಕೆ. ಮೇಡಂ ಮತ್ತು ಮೌನ! ನಗು ಮುಗಿದ ಮೇಲೆ ಯುಗಾದಿಯ ಆ ಕರಕರ ದನಿ ನೆನಪಾಯಿತು. ಆ ವಾರವೇ ಹೋದೆ.

ಗೇಟಿನಲ್ಲಿ ಕಾಯಿ ಕೀಳುವ ಪುಟ್ಟಸ್ವಾಮಿ ಸಿಕ್ಕಿದ. ಮೊದಲಾದರೆ ಬಾಯಿಗೆ ಬಂದದ್ದು ಆಡುವವನು, ಈಗ ಪಿಸುಗುಟ್ಟಿದ. "ಮೆಲ್ಲಕ್ಕೆ ಮಾತಾಡಕ್ಕ. ಮೇಡಮ್ಮೋರು ಸ್ವಾಮಿಗೋಳಾಗ್ಬುಟ್ಟವ್ರೆ. ಊಟನೂ ಬುಟ್ಟವ್ರೆ, ಬರೀ ಗಂಜಿ. ನಮ್ ಸೊಸೇನ ಕರ್ಕೊಂಬಂದು ಕಾಲಿಗೆ ಬೀಳಿಸ್ದೆ ಕಣಕ್ಕ."

"ಅವ್ರು ಬೀಳಿಸ್ಕೊಂಡ್ರಾ?"

"ಬ್ಯಾಡ ಬ್ಯಾಡ ಅಂತ ಕೈ ಆಡ್ಸುದ್ರು. ಆಶೀರ್ವಾದ ಮಾಡೋರು ಅಂಗೇ ತಾನೆ ಆಡ್ಸೋದು?"

ಒಳಗೆ ಹೋದರೆ ರಂಗಮಂದಿರದ ತುಂಬ ಜನ. ಅಷ್ಟು ಜನರನ್ನು ಅಟ್ಟದಲ್ಲಿ ನಾನು ಕಂಡಿರಲೇ ಇಲ್ಲ. ಮಾಯಸಂದ್ರದ ಕಡೆಯ ಹೆಂಗಸರು, ಅಮ್ಮಸಂದ್ರದಲ್ಲಿ ಕೆಲಸ ಮಾಡುವ ಹುಡುಗರು, ಬೆಂಗಳೂರಿನವರು, ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದರು. ಮುಂದೆ ಮೇಡಂ. ಕೊರಳಲ್ಲಿ ಬಿಲ್ಲೆ. ಮೈ ಅರ್ಧ ಇಳಿದಿತ್ತು. ಅವರೊಬ್ಬರೇ ಕಣ್ಣು ತೆರೆದುಕೊಂಡು ಕೂತಿದ್ದದ್ದು. ನನ್ನನ್ನು ಕಂಡು ಹುಬ್ಬು ಹಾರಿಸಿದರು, ಬಾ ಎನ್ನುವ ಹಾಗೆ.

ಅಷ್ಟು ಹೊತ್ತಿಗೆ ನಡೆದದ್ದು ಇಷ್ಟು, ನಾನು ಅವರಿವರನ್ನು ಕೇಳಿ ಜೋಡಿಸಿಕೊಂಡದ್ದು. ದನಿ ಪೂರ್ತಿ ಬಿದ್ದಾಗ ಮೇಡಂ ತಮ್ಮ ಬಿಲ್ಲೆಯನ್ನು ತಾವೇ ಹಾಕಿಕೊಂಡರು. ನಿಯಮದ ಪ್ರಕಾರ ಯಾರೂ ಕೇಳಲಿಲ್ಲ. ನಾಲ್ಕು ದಿನಕ್ಕೆ ಬಿಚ್ಚಬೇಕಿತ್ತು, ಬಿಚ್ಚಲಿಲ್ಲ. ಆಗಲೂ ಯಾರೂ ಕೇಳಲಿಲ್ಲ. ಕೇಳದೆ ಉಳಿದದ್ದಕ್ಕೆ ಏನಾದರೂ ಒಂದು ಹೆಸರು ಬೇಕಲ್ಲ, ಬಂದವರಲ್ಲಿ ಯಾರೋ ಮೌನ ಎಂದು ಕರೆದರು. ಹೆಸರು ಬಂದದ್ದೇ ಜನ ಬಂದರು. ನಾಟಕಕ್ಕೆ, ಜಗಳಕ್ಕೆ ಎಷ್ಟು ಕರೆದರೂ ಬಾರದಿದ್ದ ಪಕ್ಕದ ಹಳ್ಳಿಯವರೂ ಬಂದರು.

ನಾಲ್ಕು ಗಂಟೆಯಾಯಿತು. ಜಗಳವಿಲ್ಲ, ಈಗ ಆ ಹೊತ್ತಿಗೂ ಮೌನವಂತೆ. ನಾನು ಎದ್ದು ನಿಂತು ಜೋರಾಗಿ ಹೇಳಿದೆ: "ಮೇಡಂ, ತ್ರಿಕೋನದ ಮೂರು ಕೋನ ಕೂಡಿದರೆ ಎಷ್ಟಾಗುತ್ತದೆ ಅನ್ನೋದು ಅವರವರ ಅಭಿಪ್ರಾಯ. ಲೆಕ್ಕ ಅನ್ನೋದು ಬರೀ ನಂಬಿಕೆ. ಒಪ್ತೀರಲ್ಲ?"

ಇಂಥ ಮಾತಿಗೆ ಅವರು ಸುಮ್ಮನಿರಲಾರರು, ನನಗೆ ಗೊತ್ತಿತ್ತು. ಕಣ್ಣು ಮಿನುಗಿತು, ಬೆನ್ನು ನೆಟ್ಟಗಾಯಿತು. ಬಲಗೈ ಚಾಪೆಯ ಮೇಲೆ ಬಡಿಯಿತು. ಬಾಯಿ ತೆರೆದರು. ಬಂದದ್ದು ಗಾಳಿ. ಬಿರುಕು ಬಿಟ್ಟ ಕೊಳವೆಯಲ್ಲಿ ಊದಿದ ಹಾಗೆ ಬರೀ ಗಾಳಿ. ಮತ್ತೊಮ್ಮೆ ಯತ್ನಿಸಿದರು, ಕತ್ತಿನ ನರವೆಲ್ಲ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಗಂಟಲಿನ ಪಕ್ಕದಲ್ಲಿ, ದಾರದ ಮೇಲ್ಗಡೆ, ನೆಲ್ಲಿಕಾಯಿಯಷ್ಟು ಗಂಟು ಕಾಣಿಸಿತು.

ಸಭೆಯಲ್ಲಿ ಯಾರೋ ಛೆ ಎಂದರು. ವ್ರತಭಂಗ ಮಾಡಿಸಲು ಬಂದವಳು ಎಂದು ಇನ್ನೊಬ್ಬರು. ಗಿರಿಜಕ್ಕ ನನ್ನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋದರು.

"ಅದು ವ್ರತ ಅಲ್ಲ ಗಿರಿಜಕ್ಕ, ಕಾಯಿಲೆ. ಅವರಿಗೆ ಮಾತು ಬರ್ತಿಲ್ಲ. ಗಂಟು ನೋಡಿಲ್ವಾ? ನಾಳೆನೇ ತುಮಕೂರಿಗೆ ಕರ್ಕೊಂಡು ಹೋಗೋಣ."

"ನಿಂಗೆ ಎಲ್ಲಾದ್ರಲ್ಲೂ ತಪ್ಪೇ ಕಾಣೋದು ಕಣೇ. ದೇವ್ರ ಮುಂದೆ ನಿಲ್ಸಿದ್ರೂ ಅಡ್ಡ ಪ್ರಶ್ನೆ ಹಾಕ್ತೀಯ. ಅವ್ಳು ಈಗ ನೆಮ್ಮದಿಯಾಗವ್ಳೆ, ಬುಟ್ಬುಡು."

ಹಿತ್ತಲಲ್ಲಿ ತೆಂಗಿನ ಮಟ್ಟೆಯ ರಾಶಿಯ ಹತ್ತಿರ ಮೇಡಂ ಒಬ್ಬರೇ ಸಿಕ್ಕಾಗ ಅವರನ್ನೇ ಕೇಳಿದೆ. ನೋವಾ? ಕಣ್ಣು ಮುಚ್ಚಿ ತೆರೆದರು. ನುಂಗೋಕೆ ಆಗುತ್ತಾ? ಪೆನ್ನು ಮುಂದೆ ಹಿಡಿದು ಬರೆದು ಹೇಳಿ ಅಂದೆ, ಅದನ್ನು ನನ್ನ ಮುಷ್ಟಿಯಲ್ಲೇ ಮುಚ್ಚಿದರು. ಇವರಿಗೆಲ್ಲ ಹೇಳಬಾರದಾ? ಆಗ ಅವರು ಮಂದಿರದ ಕಡೆ ತೋರಿಸಿದರು. ಕಿಟಕಿಯಲ್ಲಿ ಸಾಲಾಗಿ ಕೂತ ತಲೆಗಳು ಕಾಣುತ್ತಿದ್ದವು. ಆಮೇಲೆ ಎರಡೂ ಅಂಗೈ ಬಿಚ್ಚಿ ಭುಜ ಕುಣಿಸಿದರು. ಆ ಸನ್ನೆ ನನಗೆ ಗೊತ್ತು, ಅವರ ಶಿಷ್ಯರೆಲ್ಲರಿಗೂ ಗೊತ್ತು. ನಡುವಿನ ಹೆಜ್ಜೆಯೆಲ್ಲ ತಪ್ಪಿ, ಹೇಗೋ ಉತ್ತರ ಮಾತ್ರ ಸರಿ ಬಂದ ಲೆಕ್ಕಕ್ಕೆ ಅವರು ಹಾಗೆ ಮಾಡುತ್ತಿದ್ದರು.

ಎರಡು ದಿನ ಬಿಟ್ಟು ಕಾರು ಮಾಡಿಕೊಂಡು ಹೋದೆ. ಮೇಡಂ ಗೇಟಿನ ತನಕ ಬಂದರು. ನಾನು ಕಾರಿನ ಬಾಗಿಲು ತೆಗೆದು ಹಿಡಿದೆ. ಅವರು ನನ್ನ ಕೆನ್ನೆ ತಟ್ಟಿ, ಬಾಗಿಲನ್ನು ಹೊರಗಿನಿಂದ ಮೆಲ್ಲಗೆ ಮುಚ್ಚಿದರು. ಹೆದರಿಕೆಯೋ, ಇನ್ನು ಪ್ರಯೋಜನವಿಲ್ಲವೆಂದು ಗೊತ್ತಾಗಿ ಹೋಗಿತ್ತೋ, ಅಥವಾ ತುಂಬಿದ ಮಂದಿರವನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲವೋ. ಮೂರಕ್ಕೂ ವಾದ ಕಟ್ಟಬಲ್ಲೆ, ಮೂರನ್ನೂ ಮುರಿಯಬಲ್ಲೆ. ಆದರೆ ಒಂದು ಮಾತನ್ನು ಯಾರೂ ಮುರಿಯಲಾರರು: ಅವರಿಗೆ ಮಾತು ಸಾಕಾಗಿರಲಿಲ್ಲ. ಆ ಬಡಿದ ಕೈಯನ್ನು ನಾನು ನೋಡಿದ್ದೇನೆ.

ನೀರೂ ಇಳಿಯದಂತಾದಾಗ ಗಿರಿಜಕ್ಕ ತಾವೇ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಬಿಲ್ಲೆ ಬಿಚ್ಚಿಸಿದರು. ನಾನು ಹೋಗುವ ಹೊತ್ತಿಗೆ ಮೂಗಿಗೆ ನಳಿಗೆ, ಕತ್ತಿಗೆ ಬಟ್ಟೆ. ಹೊತ್ತು ಮೀರಿದೆ, ಮೊದಲೇ ತರಬೇಕಿತ್ತು ಎಂದು ಡಾಕ್ಟರು ಹೇಳಿದ್ದರಂತೆ. ಮೇಡಂ ನನ್ನ ಕೈ ಹಿಡಿದುಕೊಂಡು, ಹೆಬ್ಬೆರಳಿನಿಂದ ಹಿಂದಕ್ಕೂ ಮುಂದಕ್ಕೂ ಕಡ್ಡಿ ಸೀಳುವಂತೆ ಉಜ್ಜುತ್ತಲೇ ಇದ್ದರು, ಕೈಯಲ್ಲಿ ಗರಿ ಇದ್ದ ಹಾಗೆ. ಎದುರಿಗೆ ವಾದಿಸುವವರು ಯಾರೂ ಇರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ತೀರಿಕೊಂಡರು.

ಈಗ ವರ್ಷ ತುಂಬುತ್ತಿದೆ. ಆ ದಿನ ಅಟ್ಟದಲ್ಲಿ ಮೌನ ಶಿಬಿರ, ಇನ್ನು ಮುಂದೆ ಪ್ರತಿ ವರ್ಷವೂ. ಬಂದವರಿಗೆಲ್ಲ ನೆನಪಿಗೆ ಒಂದೊಂದು ಬಿಲ್ಲೆ. ಮೇಡಂ ಅವರ ಮೌನದ ಬಗ್ಗೆ ನಾನು ಮಾತಾಡಬೇಕೆಂದು ಗಿರಿಜಕ್ಕ ಹೇಳಿ ಕಳಿಸಿದರು. ಹೋದ ವಾರ ಮಧ್ಯಾಹ್ನ ಹೋದೆ. ಜಗಲಿಯಲ್ಲಿ ಕೂತು ಕರಟ ಉಜ್ಜುತ್ತಿದ್ದರು. ಸೀರೆಯ ಮೇಲೆಲ್ಲ ಕಂದು ಪುಡಿ. ಒಂದು ವರ್ಷಕ್ಕೆ ಅವರೂ ಮೇಡಂ ವಯಸ್ಸಿನವರ ಹಾಗೆ ಕಾಣುತ್ತಿದ್ದರು.

"ಮಾತಾಡ್ತೀನಿ. ಆದ್ರೆ ಅದು ಮೌನ ಅಲ್ಲ ಅಂತಲೇ ಮಾತಾಡ್ತೀನಿ" ಅಂದೆ.

ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಮೊದ್ಲು ನಾನು ಏನು ಹೇಳ್ತಿದ್ದೀನಿ ಅಂತ ನಿನ್ನ ಬಾಯಲ್ಲಿ ಹೇಳು ನೋಡಾನ. ಅವ್ಳು ಅಂಗೇ ಅಲ್ವಾ ಕಲ್ಸಿದ್ದು?"

ನಾನು ಹೇಳಿದೆ. "ಆ ಕಥೆ ನಿಂತ್ರೆ ಅಟ್ಟ ನಿಲ್ತದೆ. ಕಥೆ ಹೋದ್ರೆ ಜನ ಹೋಗ್ತಾರೆ. ಅಕ್ಕ ಕಟ್ಟಿದ್ದು ಅಕ್ಕನ ಜೊತೆಗೇ ಹೋಗ್ತದೆ. ಇದೇ ತಾನೆ?"

"ಅರ್ಧ ಹೇಳ್ದೆ" ಅಂದರು. ಬಿಲ್ಲೆಯ ಅಂಚಿನ ಪುಡಿ ಊದಿದರು. "ಅವ್ಳು ವ್ರತ ಹಿಡಿದಿದ್ಲು ಅಂದ್ರೆ, ನಾನು ಅವ್ಳ ಸೇವೆ ಮಾಡ್ದೋಳು. ಅದು ಕಾಯಿಲೆ ಅಂತ ನೀನು ಅಷ್ಟು ಜನದ ಮುಂದೆ ಅಂದ್ರೆ, ನಾನು ಯಾರು ಕಣೇ?"

ಗಂಟಲಲ್ಲಿ ಇಳಿಯುವ ತನಕ ಅಕ್ಕನಿಗೆ ಗಂಜಿ ಕುಡಿಸಿದ ಹೆಂಗಸು ಅವರು. ಅವರನ್ನು ಕಟಕಟೆಗೆ ಹತ್ತಿಸಲು ನಾನು ಇದನ್ನು ಬರೆಯುತ್ತಿಲ್ಲ. ಆದರೆ ಜೀವನವಿಡೀ ಬಾಯಿ ತುಂಬ ಜಗಳವಾಡಿದ ಒಬ್ಬರನ್ನು, ಅವರ ಬಾಯಿ ಕಟ್ಟಿದ ಕಾಯಿಲೆಯ ಹೆಸರಿನಲ್ಲಿ ವರ್ಷ ವರ್ಷ ನೆನೆಯುವುದನ್ನು ನೋಡಿಕೊಂಡಿರಲು ನನ್ನಿಂದ ಆಗುವುದಿಲ್ಲ.

ಅವರು ಇನ್ನೊಂದು ಕರಟ ಎತ್ತಿಕೊಂಡರು. ನಾನು ಅದನ್ನು ಅವರ ಕೈಯಿಂದ ತೆಗೆದು ಕೆಳಗಿಟ್ಟು, ದನಿ ಆದಷ್ಟು ತಗ್ಗಿಸಿ ಕೇಳಿದೆ:

"ಗಿರಿಜಕ್ಕ, ದಿನಾ ಅವರ ಕೋಣೆಯಲ್ಲೇ ಮಲಗ್ತಿದ್ದೋರು ನೀವು. ಆಸ್ಪತ್ರೆಗೆ ಸೇರಿಸಿದ ದಿನ, ಇವರಿಗೆ ಯಾವಾಗಿನಿಂದ ಮಾತು ಬರ್ತಿಲ್ಲ ಅಂತ ಡಾಕ್ಟರು ಕೇಳೇ ಇರ್ತಾರಲ್ಲ, ಆಗ ನೀವು ಏನಂತ ಹೇಳಿದ್ರಿ?"